ಎಂಜಿಯ ಮುಂಡಕ್ಕೊಂದು ರುಂಡ

ಉಷ್ಣದ ವ್ಯಾಕೋಚನದ ಪಾಠ ಬಂದಾಗಲೆಲ್ಲ ನಾನು ಮಕ್ಕಳಿಗೆ ತಪ್ಪದೆ ಹೇಳುವ ಉದಾಹರಣೆಯೊಂದಿದೆ. ಉರಿಯುತ್ತಿರುವ ಲಾಂದ್ರದ ಗಾಜಿಗೆ ಒಂದು ಹನಿ ತಣ್ಣೀರು ಬಿದ್ದರೆ ಗಾಜು ಚಟ್ಟೆಂದು ಸೀಳುತ್ತದೆ. ನೀರು ತಾಗಿದ ಭಾಗ ಕುಗ್ಗಬೇಕೆನ್ನುತ್ತದೆ, ತಾಗದ ಭಾಗ ಹಿಗ್ಗಿಕೊಂಡೇ ಇರುತ್ತದೆ, ಇವೆರಡರ ಜಗಳದಲ್ಲಿ ಗಾಜು ಸಾಯುತ್ತದೆ. ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಲಾಂದ್ರವನ್ನೇ ಕಾಣದ ಮಕ್ಕಳು ಈಗ ತರಗತಿಗೆ ಬರುತ್ತಿದ್ದಾರೆ, ಆದರೂ ಹೇಳುವುದನ್ನು ಬಿಟ್ಟಿಲ್ಲ. ಇಷ್ಟೆಲ್ಲ ಬಲ್ಲವನಾದ ನಾನು 2022ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮಾಕುಟ್ಟದ ಘಾಟಿಯ ನಡುವೆ, ಕುದಿದು ನಿಂತ ಕಾರಿನ ರೇಡಿಯೇಟರಿಗೆ ತೊರೆಯ ತಣ್ಣೀರನ್ನು ಒಂದೇ ಉಸಿರಿಗೆ ಸುರಿದುಬಿಟ್ಟೆ.

ಕಾರು ನನ್ನದೇ ಆಗಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಅದು ಬಿಟ್ಟಂಗಾಲದಲ್ಲಿ ನಮ್ಮ ಮನೆಗೆ ಎರಡು ತಿರುವು ಆಚೆಯ ತೋಟದ ಯಜಮಾನರದು. ಆಗಲೇ ಎಂಬತ್ತು ದಾಟಿದ್ದ ಹಿರಿಯರು. ಕಾರು ಎಂಜಿ. ಎಂಜಿ ಎಂದರೆ ಈಗಿನ ಹುಡುಗರು ಹೆಕ್ಟರ್ ಎಂದುಕೊಳ್ಳುತ್ತಾರೆ. ಇದು ಆ ಎಂಜಿ ಅಲ್ಲ. ಇಂಗ್ಲೆಂಡಿನ ಅಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1955ರಿಂದ 1962ರ ತನಕ ತಯಾರಾದ ಎಂಜಿಎ ಎಂಬ ಎರಡು ಸೀಟಿನ, ತಲೆಯ ಮೇಲೆ ಗಟ್ಟಿ ಸೂರಿಲ್ಲದ ಸ್ಪೋರ್ಟ್ಸ್ ಕಾರು. ಒಂದು ಲಕ್ಷಕ್ಕೂ ಮಿಕ್ಕಿ ತಯಾರಾದವು, ಬಹುಪಾಲು ಹೊರದೇಶಗಳಿಗೇ ಹೋದವು. ಅದರಲ್ಲೊಂದು ಯಾವನೋ ಬಿಳಿಯ ಪ್ಲಾಂಟರನ ಜೊತೆ ಕೊಡಗಿಗೆ ಬಂದು, ಆತ ಊರು ಬಿಡುವಾಗ ಯಜಮಾನರ ತಂದೆಯ ಕೈ ಸೇರಿತು. ಅದರ ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಒಳಗೆ ಕೈ ಹಾಕಿ ದಾರ ಎಳೆಯಬೇಕು. ಹೊಸಬರು ಸುತ್ತಮುತ್ತ ತಡಕಾಡುವುದನ್ನು ನೋಡಿ ನಗುವುದು ಯಜಮಾನರ ಹಳೆಯ ಚಟ.

ಸೊಂಟದ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಸ್ಟಿಯರಿಂಗ್ ಬಿಟ್ಟರು. ಭಾನುವಾರಗಳಲ್ಲಿ ನಾನು ಓಡಿಸುವುದು, ಅವರು ಪಕ್ಕದಲ್ಲಿ ಕುಳಿತು ಎಂಜಿನ್ನಿನ ಸದ್ದು ಕೇಳುವುದು ಎಂಬ ಏರ್ಪಾಡಾಯಿತು. ಕೇಳುವುದು ಎಂದರೆ ನಿಜವಾಗಿಯೂ ಕೇಳುವುದು. ಗೋಣಿಕೊಪ್ಪ ತಲುಪುವಷ್ಟರಲ್ಲಿ ಯಾವ ಟ್ಯಾಪೆಟ್ ಎಷ್ಟು ಸಡಿಲ ಎಂದು ಹೇಳಿಬಿಡುತ್ತಿದ್ದರು. ಆ ದಿನ ಇರಿಟ್ಟಿಯಲ್ಲಿ ಒಂದು ಮದುವೆ ಮುಗಿಸಿ ಮರಳುತ್ತಿದ್ದೆವು. ಪೆರುಂಬಾಡಿಯ ಕಡೆಗೆ ಏರುವಾಗ ಉಷ್ಣದ ಮುಳ್ಳು ಬಲಕ್ಕೆ ಹೋಗುತ್ತಲೇ ಇತ್ತು. ಫ್ಯಾನ್ ಬೆಲ್ಟು ಜಾರಿತ್ತು, ನಾನು ನೋಡಿರಲಿಲ್ಲ. ಉಗಿ ಎದ್ದಿತು, ನಿಲ್ಲಿಸಿದೆ. ಯಜಮಾನರು ಬಿಸಿಲಿನಲ್ಲಿ ಬೆವರುತ್ತ ಕುಳಿತಿದ್ದಾರೆ, ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತಿವೆ. ಹೊದಿಕೆಯ ಬಟ್ಟೆಯಿಂದ ಮುಚ್ಚಳ ತೆಗೆದೆ, ಡಬ್ಬಿಯಲ್ಲಿ ತೊರೆಯ ನೀರು ತಂದೆ, ಸುರಿದೆ. ಒಳಗೆಲ್ಲೋ ‘ಟಿಕ್’ ಎಂಬ ಸದ್ದಾಯಿತು. ದೊಡ್ಡ ಸದ್ದೇನಲ್ಲ, ಗೋಡೆ ಗಡಿಯಾರದ ಒಂದು ಸೆಕೆಂಡಿನಷ್ಟು. ಯಜಮಾನರು ತಲೆಯೆತ್ತಿ ನೋಡಿದರು, ಏನೂ ಅನ್ನಲಿಲ್ಲ.

ಮನೆಗೆ ಬಂದದ್ದು ಪಿಕಪ್ಪಿಗೆ ಹಗ್ಗ ಕಟ್ಟಿಸಿಕೊಂಡು. ಮರುದಿನ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ಬಿಳಿ ಹೊಗೆ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ. ನೀರು ಹೋಗಬಾರದ ಜಾಗಕ್ಕೆ ನೀರು ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೆಡ್ ಬಿಚ್ಚಿ ವಿರಾಜಪೇಟೆಯ ಲೇತ್ ಅಂಗಡಿಗೆ ಹೊತ್ತೊಯ್ದೆ.

ಮೋಟಾರಿನ ಪರಿಚಯ ಇಲ್ಲದವರಿಗಾಗಿ ಒಂದು ಮಾತು. ಎಂಜಿನ್ನಿನ ಕೆಳಭಾಗವಾದ ಬ್ಲಾಕಿನಲ್ಲಿ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತವೆ. ಆ ಕೊಳವೆಗಳ ಬಾಯಿಗೆ ಮೇಲಿನಿಂದ ಬಿಗಿದ ಭಾರದ ಮುಚ್ಚಳವೇ ಹೆಡ್. ಬರಿಯ ಮುಚ್ಚಳವಲ್ಲ; ಪೆಟ್ರೋಲ್ ಹೊತ್ತಿಕೊಳ್ಳುವ ಕೋಣೆಗಳು, ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ, ಅವುಗಳ ಕದಗಳಾದ ವಾಲ್ವ್‌ಗಳು, ಸುತ್ತ ನೀರಿನ ಕಾಲುವೆ ಎಲ್ಲವೂ ಅದರೊಳಗೇ. ಈ ಎಂಜಿನ್ನಿನಲ್ಲಿ ವಾಲ್ವ್ ಎಂಟಾದರೂ ದ್ವಾರಗಳು ಐದೇ, ಅವೂ ಒಂದೇ ಮಗ್ಗುಲಿಗೆ. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಹೊಗೆ ಒಂದೇ ಬಾಗಿಲಿನಿಂದ ಹೊರಗೆ ಹೋಗಬೇಕು. ಕೂಡುಕುಟುಂಬದಲ್ಲಿ ಎರಡು ಒಲೆಗೆ ಒಂದೇ ಹೊಗೆಗೂಡು ಇಟ್ಟಂತೆ. ಹಾಗಾಗಿ ನಡುಭಾಗ ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ, ಒಡೆದರೆ ಅಲ್ಲೇ ಒಡೆಯುತ್ತದೆ.

ಲೇತ್ ಅಂಗಡಿಯ ಭಾಯಿ ಹೆಡ್ಡಿನ ಮುಖ ಉಜ್ಜಿ, ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಎರಡನೆಯ ಕೋಣೆಯ ಎರಡು ವಾಲ್ವ್‌ಗಳ ನಡುವೆ, ಬಿಳಿಯ ಪುಡಿಯ ಮೇಲೆ, ಕೂದಲೆಳೆಯಷ್ಟು ತೆಳ್ಳಗೆ ಒದ್ದೆಯ ಗೆರೆಯೊಂದು ತಾನಾಗಿ ಮೂಡಿತು. ಬಿರುಕಿನೊಳಗೆ ಅಡಗಿದ್ದ ಎಣ್ಣೆಯನ್ನು ಪುಡಿ ಹೀರಿಕೊಂಡು ಮೇಲಕ್ಕೆ ತಂದಿತ್ತು. ಕೇಶಾಕರ್ಷಣಕ್ಕೆ ನಾನು ತರಗತಿಯಲ್ಲಿ ಗಾಜಿನ ನಾಳ ತೋರಿಸಿ ಸುಸ್ತಾಗಿದ್ದೇನೆ. ಇಷ್ಟು ಸ್ಪಷ್ಟವಾದ ಪ್ರಯೋಗ ನಾನೇ ನೋಡಿರಲಿಲ್ಲ. ಭಾಯಿ ಬಿರುಕಿನ ಒಂದು ತುದಿಯನ್ನು ಸ್ವಲ್ಪ ಕೊರೆದು ಲೆನ್ಸ್ ಕೊಟ್ಟರು. “ನೋಡಿ ಸಾರ್, ಈ ಕಡೆ ಒಳಗೆ ತುಕ್ಕು ಕಪ್ಪಾಗಿ ಕೂತಿದೆ. ಇದು ಹಳೇದು. ಆ ಕಡೆ ಬೆಳ್ಳಗೆ ಹೊಳೀತಿದೆ. ಅದು ಮೊನ್ನೇದು.”

ಅರ್ಧ ಹಳೆಯದು, ಅರ್ಧ ನನ್ನದು.

ಇದನ್ನು ಯಜಮಾನರಿಗೆ ಹೇಳಲು ನನಗೆ ಮೂರು ದಿನ ಬೇಕಾಯಿತು. ಹಳೆಯ ಅರ್ಧವನ್ನು ಮುಂದೆ ಮಾಡಿ ನನ್ನ ಅರ್ಧವನ್ನು ಹಿಂದೆ ಸರಿಸುವ ವಾಕ್ಯವೊಂದನ್ನು ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಪೂರ್ತಿ ಕೇಳಲಿಲ್ಲ. “ಆ ಹಳೇದು ನಂದೇ ಮಾಷ್ಟ್ರೇ. 1979ರಲ್ಲಿ, ಅದೇ ಘಾಟಿಯಲ್ಲಿ, ಅದೇ ತೊರೆ ನೀರು. ಅಪ್ಪನಿಗೆ ಹೇಳಲೇ ಇಲ್ಲ. ಆಮೇಲೆ ವಾರಕ್ಕೊಂದು ಲೋಟ ನೀರು ಹಾಕಿಕೊಂಡು ನಡೆಸಿದೆ” ಎಂದರು. ತುಕ್ಕೇ ಬಿರುಕಿಗೆ ಬಿರಡೆಯಾಗಿ ಅಷ್ಟು ವರ್ಷ ಕಾದಿತ್ತೆಂದು ಕಾಣುತ್ತದೆ. ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ನಗಲಿಲ್ಲ, ಶೆಡ್ಡಿನ ಕಡೆ ನೋಡುತ್ತಿದ್ದರು. “ಅದು ಇನ್ನೊಂದು ಸಲ ಘಾಟಿ ಹತ್ತೋದನ್ನ ಕೇಳಬೇಕು” ಎಂದರು. ನೋಡಬೇಕು ಎನ್ನಲಿಲ್ಲ, ಕೇಳಬೇಕು ಎಂದರು.

ಗಣಪತಿಗೆ ತಲೆ ಹುಡುಕಲು ಹೊರಟವರಿಗೆ ಉತ್ತರಕ್ಕೆ ತಲೆಯಿಟ್ಟು ಮಲಗಿದ ಪ್ರಾಣಿ ಯಾವುದಾದರೂ ಆದೀತು ಎಂಬ ಸೌಲಭ್ಯವಿತ್ತು. ನನಗೆ ಅದೂ ಇಲ್ಲ. ಹಳೆಯ ಹೆಡ್ಡನ್ನೇ ಬೆಸುಗೆ ಹಾಕಿಸಬಹುದೇ ಎಂದು ಮೊದಲು ಯೋಚಿಸಿದೆ. ಬೀಡು ಕಬ್ಬಿಣದ ಬೆಸುಗೆ ದೊಡ್ಡ ತಲೆನೋವು. ಇಡೀ ತುಂಡನ್ನು ನಿಧಾನವಾಗಿ ಕಾಯಿಸಿ, ನಿಕ್ಕಲ್ ಸರಳಿನಿಂದ ಬೆಸೆದು, ಮತ್ತೆ ಅಷ್ಟೇ ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು. ಬೀಡು ಒತ್ತುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲವನ್ನು ತಾಳದು. ನಾನು ನೀರು ಸುರಿದಾಗ ಆದದ್ದೂ ಅದೇ: ಒಳಮೈ ಕುಗ್ಗಲು ಹೋಗಿ ತನ್ನನ್ನೇ ಎಳೆದುಕೊಂಡಿತು. ಬೆಸುಗೆಯ ಬದಲು ಬಿರುಕಿನುದ್ದಕ್ಕೂ ರಂಧ್ರ ಕೊರೆದು, ಮರೆಯಿರುವ ಕಬ್ಬಿಣದ ಮೊಳೆಗಳನ್ನು ಒಂದರ ಮೇಲೊಂದು ಏರುವಂತೆ ತಿರುಗಿಸಿ ಹೊಲಿಗೆ ಹಾಕುವ ವಿಧಾನವೂ ಇದೆ. ಆದರೆ ನಮ್ಮ ಬಿರುಕು ವಾಲ್ವ್ ಕೂರುವ ಜಾಗವನ್ನೇ ಸೇರಿತ್ತು. ಭಾಯಿ ತಲೆಯಾಡಿಸಿದರು.

ಆಗ ನೆನಪಾದದ್ದು ಅಂಬಾಸಿಡರ್.

ಇಲ್ಲಿ ಸ್ವಲ್ಪ ವಂಶಾವಳಿ ಹೇಳಬೇಕು. ಬ್ರಿಟನ್ನಿನ ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು 1952ರಲ್ಲಿ ಒಂದಾಗಿ ಬಿಎಂಸಿ ಆದವು. ಅವರ ‘ಬಿ ಸೀರೀಸ್’ ಎಂಬ ನಾಲ್ಕು ಸಿಲಿಂಡರಿನ ಎಂಜಿನ್ ಆ ಮನೆತನದ ಎಷ್ಟೋ ಕಾರುಗಳಿಗೆ ಸಾಮಾನ್ಯವಾಯಿತು. 73 ಮಿಲಿಮೀಟರಿಗೆ ಎಳೆಯಷ್ಟು ಹೆಚ್ಚಿನ ವ್ಯಾಸ, 88.9 ಮಿಲಿಮೀಟರ್ ಓಟ. ನಾಲ್ಕನ್ನೂ ಕೂಡಿದರೆ 1489 ಘನ ಸೆಂಟಿಮೀಟರ್. ಮೊದಲ ಎಂಜಿಎ ಕಾರುಗಳಲ್ಲಿದ್ದದ್ದು ಇದೇ. ಐವತ್ತರ ದಶಕದ ಕೊನೆಗೆ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಅಂಬಾಸಿಡರಿಗೆ ಕೂರಿಸಿದ್ದೂ ಇದೇ. ಅಂದರೆ ಲಂಡನ್ನಿನ ಶೋಕಿಲಾಲರು ಗಾಳಿಗೆ ಸ್ಕಾರ್ಫ್ ಹಾರಿಸಿಕೊಂಡು ಓಡಿಸಿದ ಕಾರಿಗೂ, ನಮ್ಮ ತಹಶೀಲ್ದಾರರು ಹಿಂದಿನ ಸೀಟಿನಲ್ಲಿ ಟವೆಲ್ ಹಾಸಿಕೊಂಡು ಬರುತ್ತಿದ್ದ ಕಾರಿಗೂ ಎದೆ ಒಂದೇ. ವ್ಯತ್ಯಾಸ ಇಷ್ಟೆ: ಎಂಜಿಗೆ ಎರಡು ಎಸ್‌ಯು ಕಾರ್ಬ್ಯುರೇಟರು, ದೊಡ್ಡ ವಾಲ್ವ್, ಹೆಚ್ಚು ಒತ್ತಡ. ಎರಡರಲ್ಲೂ ಹೃದಯದ ಆಕಾರದ ದಹನಕೋಣೆ; ಅದನ್ನು ರೂಪಿಸಿದವನು ಹ್ಯಾರಿ ವೆಸ್ಲೇಕ್ ಎಂಬ ಇಂಗ್ಲಿಷ್ ತಜ್ಞ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಯಜಮಾನರ ಮೊಮ್ಮಗ ಬೇರೆರಡು ದಾರಿ ತೋರಿಸಿದ. ಒಂದು, 1962ರಲ್ಲಿ ಬಂದ ಎಂಜಿಬಿ ಕಾರಿನ ಹೆಡ್. ಅದೂ ಬಿ ಸೀರೀಸೇ, 1798 ಸಿ.ಸಿ. ವಾಲ್ವ್ ಇನ್ನೂ ದೊಡ್ಡದು, ಉಸಿರಾಟ ಚೆನ್ನ. ಆದರೆ ಅದು 80 ಮಿಲಿಮೀಟರ್ ಬಾಯಿಗೆ ಮಾಡಿದ ಮುಚ್ಚಳ. ನಮ್ಮ 73ರ ಬಾಯಿಯ ಮೇಲಿಟ್ಟರೆ ತೆರೆದ ವಾಲ್ವ್ ಬ್ಲಾಕಿನ ಅಂಚಿಗೆ ತಾಗುವ ಭಯ. ಕೋಣೆಯೂ ದೊಡ್ಡದಾದ್ದರಿಂದ ಒತ್ತಡ ಇಳಿಯುತ್ತದೆ. ಅಪ್ಪನ ಪೇಟ ಮಗನಿಗೆ ಕಟ್ಟಿದರೆ ಕಣ್ಣು ಮುಚ್ಚಿದಂತೆ. ಇನ್ನೊಂದು, ವಿದೇಶದಲ್ಲಿ ಹೊಸದಾಗಿ ಎರಕ ಹೊಯ್ಯುವ ಅಲ್ಯೂಮಿನಿಯಂ ಹೆಡ್. ಹುಡುಗ ಅದರ ಮೇಲೇ ಕಣ್ಣಿಟ್ಟಿದ್ದ, ತಾನೇ ತರಿಸುತ್ತೇನೆಂದ. ಅಲ್ಯೂಮಿನಿಯಂ ಹಗುರ, ಶಾಖವನ್ನು ಬೀಡಿಗಿಂತ ಎಷ್ಟೋ ಬೇಗ ನೀರಿಗೆ ದಾಟಿಸುತ್ತದೆ, ಬಿರುಸಾಗಿ ಓಡಿಸುವವರಿಗೆ ಒಳ್ಳೆಯದೇ. ನಾನು ಹಾಳೆ ತೆಗೆದು ಲೆಕ್ಕ ಬರೆದೆ. ನಲವತ್ತು ಸೆಂಟಿಮೀಟರ್ ಉದ್ದದ ತುಂಡು 80 ಡಿಗ್ರಿ ಕಾದರೆ ಬೀಡು ಕಬ್ಬಿಣ ಹಿಗ್ಗುವುದು ಸುಮಾರು 0.35 ಮಿಲಿಮೀಟರ್, ಅಲ್ಯೂಮಿನಿಯಂ 0.74. ಕೆಳಗಿನ ಬ್ಲಾಕು ಬೀಡೇ. ಪ್ರತಿ ಓಟದಲ್ಲೂ ಮೇಲಿನದು ಕೆಳಗಿನದಕ್ಕಿಂತ ಎರಡರಷ್ಟು ಹಿಗ್ಗಿ ಕುಗ್ಗುತ್ತ ನಡುವಿನ ಗ್ಯಾಸ್ಕೆಟ್ಟನ್ನು ತೇಯುತ್ತಿರುತ್ತದೆ. ಹೊಸ ಕಾರುಗಳು ಇದನ್ನು ನಿಭಾಯಿಸಿಕೊಂಡಿವೆ, ನಿಜ. ಆದರೆ ಒಮ್ಮೆ ಕುದಿದರೆ ಅಲ್ಯೂಮಿನಿಯಂ ಬಾಗುತ್ತದೆ. ಅಂಥದೇ ಹೆಡ್ಡಿದ್ದ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡಿದ್ದವರನ್ನು ಕೇಳಿ ನೋಡಿ, ‘ಹೆಡ್ ಬೆಂಡ್’ ಎಂಬ ಮಾತಿಗೆ ಈಗಲೂ ಮುಖ ಹಿಂಡುತ್ತಾರೆ. ಕಾರನ್ನು ಒಂದಲ್ಲ ಎರಡು ಸಲ ಕುದಿಸಿದ ಇಬ್ಬರ ಕೈಗೆ ಅದನ್ನು ಕೊಡುವುದು ತರವಲ್ಲ ಎಂದೆ. ಯಜಮಾನರು ಈ ಸಲ ನಕ್ಕರು.

ಅಂಬಾಸಿಡರ್ ಹೆಡ್ ಹುಡುಕುವುದು ಸುಲಭ ಎಂದುಕೊಂಡಿದ್ದೆ. ಊರ ತುಂಬ ಓಡಾಡಿದ ಗಾಡಿಯಲ್ಲವೇ! ಉತ್ತರಪಾಡಾದಲ್ಲಿ 2014ರಲ್ಲಿ ತಯಾರಿಕೆ ನಿಂತದ್ದೇನೋ ಸರಿ, ಆದರೆ ಅದಕ್ಕೆ ಎಷ್ಟೋ ಮೊದಲೇ ಪೆಟ್ರೋಲ್ ಅಂಬಾಸಿಡರುಗಳು ಡೀಸೆಲ್ ಎಂಜಿನ್ ಕಟ್ಟಿಸಿಕೊಂಡಿದ್ದವು. ಬಿಚ್ಚಿದ ಪೆಟ್ರೋಲ್ ಎಂಜಿನ್ನುಗಳು ತೂಕಕ್ಕೆ ಹೋದವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗ್ಯಾಸ್ಕೆಟ್ ಸಿಕ್ಕಿತು, ಹೆಡ್ ಸಿಗಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಮೊದಲು ತೋರಿಸಿದ್ದು ಡೀಸೆಲಿನದು. ಅರ್ಧ ದಿನ ಕಳೆದ ಮೇಲೆ ಮಣ್ಣಿನಡಿಯಿಂದ ಪೆಟ್ರೋಲಿನದೊಂದು ಬಂತು. ಇಪ್ಪತ್ತು ಕೆ.ಜಿ.ಗೂ ಮೇಲಿನ ಆ ಕಬ್ಬಿಣವನ್ನು ಗೋಣಿಯಲ್ಲಿ ಸುತ್ತಿ ವಿರಾಜಪೇಟೆ ಬಸ್ಸು ಹತ್ತಿಸಿದಾಗ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುತ್ತ “ಏನು ಸಾರ್ ಇದು?” ಎಂದ. “ತಲೆ” ಎಂದೆ. ಮುಂದೆ ಕೇಳಲಿಲ್ಲ. ಎರಡನೆಯದು ಮೈಸೂರಿನಲ್ಲಿ, ಟ್ಯಾಕ್ಸಿ ಓಡಿಸುತ್ತಿದ್ದವರೊಬ್ಬರ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸಿಕ್ಕಿತು.

ಎರಡರಲ್ಲಿ ಯಾವುದು? ಕಣ್ಣಿಗೆ ಶಿವಾಜಿನಗರದ್ದೇ ಚೆಂದ. ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಮೈಸೂರಿನದು ತುಕ್ಕು ಹಿಡಿದ ಮುದುಕ. ಕಣ್ಣನ್ನು ನಂಬುವುದು ಬೇಡವೆಂದು ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಮಳೆ ಹೊಯ್ಯುತ್ತಿರುವಾಗ, ಎರಡನ್ನೂ ಶಾಲೆಯ ಪ್ರಯೋಗಾಲಯದ ಮೇಜಿಗೆ ಏರಿಸಿದೆ. ಒಂಬತ್ತನೆಯ ತರಗತಿಯ ಐದಾರು ಮಕ್ಕಳು ಬಸ್ಸಿಗೆ ಕಾಯುತ್ತಿದ್ದವರು ಸುತ್ತ ನಿಂತರು. ವಾಲ್ವ್ ಮುಚ್ಚಿ, ಪ್ಲಗ್ ಹಾಕಿ, ಕೋಣೆಯ ಬಾಯಿಗೆ ಗ್ರೀಸ್ ಹಚ್ಚಿದ ಅಕ್ರಿಲಿಕ್ ತುಂಡನ್ನು ಒತ್ತಿ, ಅದರಲ್ಲಿ ಕೊರೆದ ಸಣ್ಣ ತೂತಿನಿಂದ ಬ್ಯುರೆಟ್ಟಿನ ಮೂಲಕ ಕೆಂಪು ಶಾಯಿ ಬೆರೆಸಿದ ಸ್ಪಿರಿಟ್ ಬಿಡುತ್ತ ಹೋಗುವುದು. ಗಾಳಿಯ ಕೊನೆಯ ಗುಳ್ಳೆ ಹೊರಬಿದ್ದಾಗ ನಿಲ್ಲಿಸಿ ಅಳತೆ ಓದುವುದು. ಎಷ್ಟು ಸ್ಪಿರಿಟ್ ಹಿಡಿಯಿತೋ ಅಷ್ಟೇ ಕೋಣೆಯ ಗಾತ್ರ. ಒಡೆದ ಎಂಜಿ ಹೆಡ್ಡನ್ನು ಮೊದಲೇ ಹೀಗೆ ಅಳೆದು 38.3 ಎಂದು ಬರೆದಿಟ್ಟಿದ್ದೆ. ಪಿಸ್ಟನ್ನಿನ ಮೇಲೆ ಉಳಿಯುವ ಜಾಗ, ಗ್ಯಾಸ್ಕೆಟ್ಟಿನ ದಪ್ಪ ಎಲ್ಲ ಸೇರಿ ಇನ್ನೊಂದು 12.7. ಒಟ್ಟು 51. ಸಿಲಿಂಡರಿನ 372 ಸಿ.ಸಿ. ಗಾಳಿ ಆ 51ರೊಳಗೆ ಅಡಕವಾಗಬೇಕು. ಸಂಪೀಡನ ಅನುಪಾತ 8.3, ಎಂಜಿಎಯ ಮೂಲ ಅಳತೆಯೂ ಅದೇ.

ಹೊಳೆಯುವ ಹೆಡ್ಡಿನ ನಾಲ್ಕು ಕೋಣೆಗಳೂ 34ರ ಆಸುಪಾಸಿನಲ್ಲೇ ನಿಂತವು. ಅಂದರೆ ಯಾರೋ ಅದರ ಮುಖವನ್ನು ಮತ್ತೆ ಮತ್ತೆ ಫೇಸಿಂಗ್ ಮಾಡಿಸಿ ಹೆರೆದಿದ್ದಾರೆ. ಅನುಪಾತ 9ಕ್ಕೆ ಏರುತ್ತದೆ. ಇಂದಿನ ಪೆಟ್ರೋಲಿನಲ್ಲಿ ಓಡದು ಎಂದಲ್ಲ. ಆದರೆ ತೆಳ್ಳಗಾದ ಆ ತಳ ಇನ್ನೊಂದು ಬೇಸಿಗೆಯ ಘಾಟಿಯನ್ನು ತಾಳುವ ಭರವಸೆಯಿಲ್ಲ. ಹೆರೆದ ಕಬ್ಬಿಣವನ್ನು ಮರಳಿ ಅಂಟಿಸಲೂ ಆಗದು. ಮುದುಕನದು 38.9, 39.1, 39.0 ಎಂದು ಬಂದು ನಾಲ್ಕನೆಯದು 41.6 ತೋರಿಸಿತು. ನಾನು ತಪ್ಪಾಗಿ ಓದಿದೆನೆಂದು ಮತ್ತೆ ಅಳೆದೆ. ಅಷ್ಟೇ. “ಸಾರ್, ಇದರ ಕದ ಒಳಗೆ ಹೋಗಿದೆ” ಎಂದಳು ಒಬ್ಬ ಹುಡುಗಿ. ಬಗ್ಗಿ ನೋಡಿದರೆ ಹೌದು, ನಾಲ್ಕನೆಯ ಹೊಗೆಯ ವಾಲ್ವು ಉಳಿದವಕ್ಕಿಂತ ಆಳದಲ್ಲಿ ಕೂತಿತ್ತು.

ಕಾರಣ ಮಕ್ಕಳಿಗೆ ಹೇಳಿದೆ. ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುತ್ತಿದ್ದರು. ಅದು ಮಕ್ಕಳ ಮೆದುಳಿಗೆ ವಿಷ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಬಂತು, ಬಂದದ್ದು ಒಳ್ಳೆಯದೇ ಆಯಿತು. ಆದರೆ ಹಳೆಯ ಎಂಜಿನ್ನುಗಳಲ್ಲಿ ಆ ಸೀಸ ವಾಲ್ವಿನ ಕೆಳಗೆ ತೆಳುವಾದ ಹಾಸಿಗೆಯಾಗಿ ಕೂತು ಬಡಿತವನ್ನು ತಾಳುತ್ತಿತ್ತು. ಹಾಸಿಗೆ ಹೋದ ಮೇಲೆ ಕಾದ ವಾಲ್ವು ಮೆದು ಬೀಡನ್ನೇ ಕುಟ್ಟಿ ಕುಟ್ಟಿ ಒಳಗಿಳಿಯುತ್ತದೆ. ಇದಕ್ಕೆ ಮದ್ದುಂಟು: ಹಳೆಯ ಜಾಗ ಕೊರೆದು ಗಟ್ಟಿ ಉಕ್ಕಿನ ಉಂಗುರ ಬಡಿದು ಕೂರಿಸಿದರೆ ಸಾಕು. ಮುದುಕನ ರೋಗ ವಾಸಿಯಾಗುವಂಥದು. ಆ ಹುಡುಗಿಯ ಕಣ್ಣಿಗೆ ಬಿದ್ದದ್ದು ಎರಡು ಹೆಡ್ಡು ಹೊತ್ತು ತಿರುಗಿದ ನನ್ನ ಕಣ್ಣಿಗೇಕೆ ಬೀಳಲಿಲ್ಲ ಎಂಬುದು ಬೇರೆ ವಿಚಾರ.

ಉಳಿದದ್ದು ವಾಲ್ವಿನ ಅಗಲದ ಪ್ರಶ್ನೆ. ನಮ್ಮ ವರ್ನಿಯರಿನಲ್ಲಿ ಎಂಜಿಯ ಗಾಳಿ ವಾಲ್ವು 38 ಮಿಲಿಮೀಟರ್, ಅಂಬಾಸಿಡರಿನದು 35. ಮೂರೇ ಮಿಲಿಮೀಟರಿನ ವ್ಯತ್ಯಾಸವೆನಿಸುತ್ತದೆ, ಆದರೆ ದ್ವಾರದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ. ನೂರಕ್ಕೆ ಹದಿನೆಂಟರಷ್ಟು ವ್ಯತ್ಯಾಸ. ಕೊರೆಸಿ ಅಗಲ ಮಾಡಿಸಬಹುದಿತ್ತು. ಮೊಮ್ಮಗ ಹಾಗೇ ಮಾಡಿಸಿ ಎಂದ. ಇಲ್ಲದಿದ್ದರೆ ಅದು ಎಂಜಿಯೇ ಅಲ್ಲ ಎಂದ. ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. ದೊಡ್ಡ ವಾಲ್ವಿನ ಲಾಭ ಸಿಗುವುದು ಎಂಜಿನ್ ನಿಮಿಷಕ್ಕೆ ನಾಲ್ಕೈದು ಸಾವಿರ ಸುತ್ತು ಸುತ್ತುವಾಗ. ನಾವು ಓಡಿಸುವುದು ಎರಡು ಸಾವಿರದ ಆಚೀಚೆ. ಅಲ್ಲಿ ಸಣ್ಣ ದ್ವಾರವೇ ಮೇಲು. ಗಾಳಿ ರಭಸವಾಗಿ ನುಗ್ಗುತ್ತದೆ, ಪೆಟ್ರೋಲ್ ಚೆನ್ನಾಗಿ ಬೆರೆಯುತ್ತದೆ, ಏರಿನಲ್ಲಿ ಎಳೆತ ಸಿಗುತ್ತದೆ. ಹೊಸ ಹೊಲಿಗೆ, ಹೊಸ ಕೊರೆತಗಳಿಲ್ಲದ ಕಬ್ಬಿಣ ಹೆಚ್ಚು ಕಾಲ ಬಾಳುತ್ತದೆ ಎಂಬುದೂ ಇದೆ. ನಾನು ಎರಡೂ ಪಕ್ಷಗಳನ್ನು ಯಜಮಾನರ ಮುಂದಿಟ್ಟೆ. “ನನಗೆ ಸ್ಪೀಡ್ ಯಾಕೆ ಮಾಷ್ಟ್ರೇ, ಹತ್ತಿದರೆ ಸಾಕು” ಎಂದರು.

ಉಂಗುರ ಕೂರಿಸುವ ಕೆಲಸ ಮೈಸೂರಿನಲ್ಲಾಯಿತು. ಅಂಗಡಿಯವರು ಹತ್ತು ದಿನ ಎಂದು ಹೇಳಿ ಎರಡು ತಿಂಗಳು ಮಾಡಿದರು. ಅಷ್ಟರಲ್ಲಿ ಪೆಟ್ರೋಲಿನಲ್ಲಿ ಎಥೆನಾಲ್ ಹೆಚ್ಚುತ್ತಿದೆ ಎಂಬ ಸುದ್ದಿ ಓದಿ ಹಳೆಯ ರಬ್ಬರ್ ನಳಿಕೆಗಳನ್ನೂ ಬದಲಿಸಿದೆ. 2023ರ ಡಿಸೆಂಬರಿನಲ್ಲಿ, ತೋಟದಲ್ಲಿ ಕಾಫಿ ಕುಯ್ಲು ನಡೆದಿದ್ದಾಗ, ಹೆಡ್ ಕೂರಿಸಿದೆವು. ಎಂಜಿಯ ರಾಕರ್ ಸೆಟ್ಟು, ಎರಡು ಕಾರ್ಬ್ಯುರೇಟರು ಮೈಸೂರಿನ ಮುದುಕನ ಮೇಲೆ ತಕರಾರಿಲ್ಲದೆ ಕುಳಿತವು. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ ಬಿಗಿದೆ. ಯಜಮಾನರು ಕುರ್ಚಿ ಹಾಕಿಸಿಕೊಂಡು ಪ್ರತಿ ‘ಕ್ಲಿಕ್’ ಎಣಿಸಿದರು. ಒಡೆದ ತಲೆಯನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಲಾಯಿತು. ಅದನ್ನು ಗುಜರಿಗೆ ಹಾಕುವ ಮಾತು ಯಾರೂ ಎತ್ತಲಿಲ್ಲ.

ಜನವರಿಯ ಒಂದು ಭಾನುವಾರ ಮಾಕುಟ್ಟಕ್ಕೆ ಇಳಿದು ಹಿಂದಕ್ಕೆ ಹತ್ತಿದೆವು. ನನ್ನ ಕಣ್ಣೆಲ್ಲ ಉಷ್ಣದ ಮುಳ್ಳಿನ ಮೇಲೆ. ಅದು ನಡುವಿನಲ್ಲಿ ನಿಂತದ್ದು ಅಲ್ಲಾಡಲಿಲ್ಲ. ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು. ಆ ತೊರೆಯ ಹತ್ತಿರ ಬಂದಾಗ ಕೈ ಸನ್ನೆ ಮಾಡಿದರು, ನಿಲ್ಲಿಸಿದೆ. ಎಂಜಿನ್ ತನ್ನ ಪಾಡಿಗೆ ತಾನು ಓಡುತ್ತಿತ್ತು. “ಮೂರನೇ ಟ್ಯಾಪೆಟ್ ಚೂರು ಬಿಗಿ ಇದೆ” ಎಂದರು. ಆಮೇಲೆ ಕಾಲಬಳಿಯಿದ್ದ ಚೀಲದಿಂದ ದೊಡ್ಡ ಫ್ಲಾಸ್ಕೊಂದನ್ನು ತೆಗೆದರು. ಕಾಫಿ ಇರಬೇಕೆಂದು ನಾನು ಲೋಟಕ್ಕೆ ಕೈ ಚಾಚಿದೆ.

“ಕಾಫಿಯಲ್ಲ ಮಾಷ್ಟ್ರೇ, ಬಿಸಿನೀರು. ರೇಡಿಯೇಟರಿಗೆ ಬೇಕಾದೀತು ಅಂತ ತಂದೆ” ಎಂದರು.